ಒಂದು ಪಿಮ್ ಎಂದರೆ ಎಷ್ಟು?

ಹಳೆಯ ಪುಸ್ತಕವೊಂದರಲ್ಲಿ ಅರ್ಥ ಗೊತ್ತಿಲ್ಲದ ಪದವೊಂದು ಸಿಕ್ಕಿತು ಅನ್ನಿ. ಅದು ಹತ್ತು ಕಡೆ ಬಂದಿದ್ದರೆ ಹಿಂದುಮುಂದಿನ ಮಾತು ನೋಡಿ ಊಹಿಸಬಹುದು. ಒಂದೇ ಒಂದು ಕಡೆ ಬಂದಿದ್ದರೆ? ಹೀಬ್ರೂ ಬೈಬಲ್ಲಿನಲ್ಲಿ ಇಂಥ ಒಂಟಿ ಪದಗಳು ಬೇಕಾದಷ್ಟಿವೆ. ‘ಪಿಮ್’ ಅವುಗಳಲ್ಲೊಂದು. ಇದರ ಗುಟ್ಟು ಕೊನೆಗೆ ಬಯಲಾದದ್ದು ತಕ್ಕಡಿಯಲ್ಲಿ.

ಪದ ಇರುವುದು ಸಮುವೇಲನ ಮೊದಲ ಪುಸ್ತಕದ 13ನೇ ಅಧ್ಯಾಯದಲ್ಲಿ. ಸೌಲ ಎಂಬ ರಾಜನ ಕಾಲದ ಕಥೆ. ಆಗ ಇಸ್ರಾಯೇಲ್ಯರ ನಾಡಿನಲ್ಲಿ ಒಬ್ಬ ಕಮ್ಮಾರನೂ ಇರಲಿಲ್ಲವಂತೆ. ಇದ್ದರೆ ಕತ್ತಿ, ಈಟಿ ಮಾಡಿಕೊಂಡಾರು ಎಂದು ನೆರೆಯ ಫಿಲಿಷ್ಟಿಯರಿಗೆ ಹೆದರಿಕೆ. ಹಾಗಾಗಿ ನೇಗಿಲಿನ ಗುಳ ಮೊಂಡಾಗಲಿ, ಕೊಡಲಿಯ ಬಾಯಿ ಹೋಗಲಿ, ರೈತರು ಶತ್ರುವಿನ ಕುಲುಮೆಗೇ ಹೋಗಬೇಕಿತ್ತು. ಈ ಮಾತಿನ ಬೆನ್ನಿಗೇ ಆ ಪದ ಬರುತ್ತದೆ. ಅದರಲ್ಲಿರುವುದು ಮೂರೇ ಅಕ್ಷರ: ಪ, ಯ, ಮ. ಹಳೆಯ ಹೀಬ್ರೂ ಬರಹದಲ್ಲಿ ಬಹುಮಟ್ಟಿಗೆ ವ್ಯಂಜನಗಳನ್ನಷ್ಟೇ ಬರೆಯುತ್ತಿದ್ದರು, ಸ್ವರವನ್ನು ಓದುವವರೇ ತುಂಬಿಕೊಳ್ಳಬೇಕಿತ್ತು. ನಮ್ಮ ಕಾಗುಣಿತದ ಸುಖ ಅಲ್ಲಿಲ್ಲ. ಹಾಗಾಗಿ ಕೆಲವರು ಇದನ್ನು ‘ಪಾಯಿಮ್’ ಎಂದೂ ಓದುತ್ತಾರೆ.

1611ರಲ್ಲಿ ಬಂದ ಹೆಸರಾಂತ ಇಂಗ್ಲಿಷ್ ಬೈಬಲ್ಲಿನಲ್ಲಿ ಈ ಜಾಗಕ್ಕೆ ‘ಅರ’ ಎಂದು ಹಾಕಿದರು. ಅದೇ, ಕಬ್ಬಿಣ ಉಜ್ಜುವ ಅರ. ಹರಿತ ಮಾಡಿಸುವ ಮಾತು ನಡೆಯುವಾಗ ಅರ ನೆನಪಾಗುವುದು ಸಹಜವೇ. ಅದನ್ನು ಪೆದ್ದ ಊಹೆ ಅನ್ನಲು ನನಗೆ ಮನಸ್ಸಿಲ್ಲ.

ಮುಂದೆ ಜೆರುಸಲೇಮ್, ಗೆಜೆರ್, ಲಾಕೀಷ್ ಮುಂತಾದ ಕಡೆ ಪುಟ್ಟ ಸುಣ್ಣಕಲ್ಲುಗಳು ಸಿಕ್ಕವು. ನೆತ್ತಿ ಗುಮ್ಮಟದ ಹಾಗೆ ದುಂಡಗೆ, ತಳ ಚಪ್ಪಟೆ. ತಕ್ಕಡಿಯ ತಟ್ಟೆಯಿಂದ ಉರುಳಿ ಹೋಗಬಾರದಲ್ಲ! ಹೌದು, ಅವು ತೂಕದ ಬಟ್ಟುಗಳು. ಕೆಲವುಗಳ ನೆತ್ತಿಯ ಮೇಲೆ ಅದೇ ಮೂರು ಅಕ್ಷರ ಕೆತ್ತಿತ್ತು.

ಹರಿತ ಮಾಡಿಸುವ ಮಾತಿನಲ್ಲಿ ತೂಕವೇಕೆ ಬರಬೇಕು? ಆ ಕಾಲಕ್ಕೆ ನಾಣ್ಯ ಇರಲಿಲ್ಲ. ಇಂದಿನ ಟರ್ಕಿಯಲ್ಲಿದ್ದ ಲಿಡಿಯಾದ ನಾಣ್ಯಗಳು ಜಗತ್ತಿನ ತೀರ ಹಳೆಯ ನಾಣ್ಯಗಳ ಸಾಲಿಗೆ ಸೇರುತ್ತವೆ, ಅವೂ ಸುಮಾರು ಕ್ರಿ.ಪೂ. 7ನೇ ಶತಮಾನದವು. ಅದಕ್ಕೆ ಮುಂಚೆ ಹಣವೆಂದರೆ ಬೆಳ್ಳಿಯ ಚೂರುಗಳು. ಒಂದು ತಟ್ಟೆಯಲ್ಲಿ ಬಟ್ಟು ಇಟ್ಟು, ಇನ್ನೊಂದಕ್ಕೆ ಬೆಳ್ಳಿಯ ತುಣುಕು ಹಾಕುತ್ತಾ ಹೋಗುವುದು. ತಕ್ಕಡಿಯ ಕಡ್ಡಿ ಸಮಕ್ಕೆ ನಿಂತರೆ ಲೆಕ್ಕ ಚುಕ್ತಾ. ಅಂದಮೇಲೆ ಪಿಮ್ ಎಂದರೆ ಕಮ್ಮಾರನಿಗೆ ಕೊಡಬೇಕಾದ ಕೂಲಿ!

ಎಷ್ಟು ಕೂಲಿ? ಒಂದು ಕಲ್ಲು ತೂಗಿದರೆ ತಿಳಿಯಿತಲ್ಲ ಎನ್ನುತ್ತೀರಿ. ಅಲ್ಲೇ ಇರುವುದು ತೊಡಕು. ಪಿಮ್ ಎಂದು ಕೆತ್ತಿದ ಕಲ್ಲುಗಳೆಲ್ಲ ಒಂದೇ ತೂಕಕ್ಕಿಲ್ಲ. ಕೆಲವು 7.2 ಗ್ರಾಂ ಹತ್ತಿರ ಇದ್ದರೆ ಕೆಲವು 8 ಗ್ರಾಂ ದಾಟುತ್ತವೆ. ಕೈಯಲ್ಲಿ ಉಜ್ಜಿ ಮಾಡಿದ ಕಲ್ಲು ತುಸು ಹೆಚ್ಚುಕಡಿಮೆ ಆಗುತ್ತದೆ. ಬಳಸಿ ಬಳಸಿ ಸವೆಯುತ್ತದೆ, ಅಂಚು ಸಿಡಿದು ಹಗುರಾಗುತ್ತದೆ. ವ್ಯಾಪಾರಿಯೇ ಬೇಕೆಂದು ತೂಕ ತಪ್ಪಿಸಿರಲೂಬಹುದು. ಕಳ್ಳತೂಕ ಇಟ್ಟುಕೊಳ್ಳಬೇಡಿ ಎಂದು ಬೈಬಲ್ಲೇ ಗದರಿಸುತ್ತದೆ. ಆದ್ದರಿಂದ ಒಂದೇ ಕಲ್ಲನ್ನು ನಂಬಿ ಕೂರುವಂತಿಲ್ಲ. ಸಿಕ್ಕಷ್ಟನ್ನೂ ತೂಗಬೇಕು, ಕೂಡಿಸಬೇಕು, ಭಾಗಿಸಬೇಕು. ಹೀಗೆ ಬಂದ ಸರಾಸರಿ ಸುಮಾರು 7.8 ಗ್ರಾಂ. ಅಲ್ಲಿನ ಮುಖ್ಯ ತೂಕವಾದ ಶೇಕೆಲ್ ಸುಮಾರು 11.3 ಗ್ರಾಂ. ಅದನ್ನು ಮೂರು ಪಾಲು ಮಾಡಿ ಎರಡು ಪಾಲು ತೆಗೆದುಕೊಂಡರೆ ಹೆಚ್ಚುಕಡಿಮೆ 7.5 ಬರುತ್ತದೆ. ಕರಾರುವಾಕ್ಕಾಗಿ ಕೂಡಲಿಲ್ಲ, ನಿಜ. ಆದರೂ ಪಿಮ್ ಎಂದರೆ ಶೇಕೆಲ್ಲಿನ ಮೂರರಲ್ಲಿ ಎರಡು ಪಾಲು ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ.

ಎರಡು ಬಣ್ಣದ ಹತ್ತು ರೂಪಾಯಿ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ. ಅದರ ತೂಕ ಸುಮಾರು 7.7 ಗ್ರಾಂ. ಅಷ್ಟು ತೂಕದ ಬೆಳ್ಳಿ ಕೊಟ್ಟರೆ ಗುಳ ಹರಿತ! ದುಬಾರಿ ಎಂದೇ ಅನೇಕರ ಅಭಿಪ್ರಾಯ. ಬೇರೆ ಕಮ್ಮಾರನೇ ಇಲ್ಲದ ಮೇಲೆ ಇರುವವನು ಕೇಳಿದ್ದೇ ಕೂಲಿ.

ಇನ್ನೊಂದು ಸ್ವಾರಸ್ಯವಿದೆ. ಈ ಬಟ್ಟುಗಳಲ್ಲಿ ಹೆಚ್ಚಿನವು ಕ್ರಿ.ಪೂ. 8 ಮತ್ತು 7ನೇ ಶತಮಾನದವು. ಸೌಲನ ಕಥೆ ಅದಕ್ಕೂ ಹಳೆಯ ಕಾಲದ್ದು. ಹಾಗಾದರೆ ಕಥೆಯನ್ನು ಬರೆದಿಟ್ಟವರು ತಮ್ಮ ಕಾಲದ ಸಂತೆಯ ತೂಕವನ್ನೇ ಅದರಲ್ಲಿ ಸೇರಿಸಿದರೇ? ಇರಬಹುದು ಎನ್ನುವ ಪುರಾತತ್ತ್ವಜ್ಞರಿದ್ದಾರೆ. ಕ್ರಿ.ಪೂ. 586ರ ಸುಮಾರಿಗೆ ಜೆರುಸಲೇಮ್ ಬಾಬಿಲೋನಿಯರ ಕೈಗೆ ಬಿತ್ತು. ಆಮೇಲೆ ಈ ಬಟ್ಟುಗಳ ಬಳಕೆ ನಿಂತುಹೋಯಿತು, ಪದವೂ ಮರೆತುಹೋಯಿತು. ಕೆಲವು ಶತಮಾನಗಳ ನಂತರ ಗ್ರೀಕಿಗೆ ಅನುವಾದಿಸಿದವರು ಅಲ್ಲಿ ಮೂರು ಶೇಕೆಲ್ ಎಂದು ಬೇರೆಯೇ ಲೆಕ್ಕ ಬರೆದರು. ಹೀಬ್ರೂ ಪ್ರತಿ ಮಾಡುತ್ತಿದ್ದವರು ಮಾತ್ರ ಅರ್ಥವಾಗದ ಮೂರು ಅಕ್ಷರವನ್ನು ತಿದ್ದಲು ಹೋಗದೆ ಇದ್ದ ಹಾಗೆಯೇ ಇಳಿಸಿಕೊಂಡು ಬಂದರು. ಈಚಿನ ಇಂಗ್ಲಿಷ್ ಅನುವಾದಗಳಲ್ಲಿ ಅರ ಹೋಗಿ, ಆ ಜಾಗಕ್ಕೆ ಶೇಕೆಲ್ಲಿನ ಮೂರರಲ್ಲಿ ಎರಡು ಪಾಲು ಬಂದಿದೆ.