ರಾತ್ರಿ ಬ್ಲೋವರ್ ಬಂದ್ ಮಾಡಿದ್ರೆ ಎಸ್‌ಟಿಪಿಯಲ್ಲಿ ಏನಾಗುತ್ತೆ?

ನಾನು ಡೊಂಬಿವಲಿಯಿಂದ ಐರೋಲಿಗೆ ದಿನಾ ಓಡಾಡೋ ಸಾಫ್ಟ್‌ವೇರ್ ಇಂಜಿನಿಯರ್. ಕೊಳಚೆ ನೀರಿನ ಬಗ್ಗೆ ಓದಲು ಶುರು ಮಾಡಿದ್ದು ನಮ್ಮ ಸೊಸೈಟಿ ಮೀಟಿಂಗ್ ಆದ ಮೇಲೆ. ಕರೆಂಟ್ ಬಿಲ್ ಜಾಸ್ತಿ ಬಂದಿತ್ತು. "ರಾತ್ರಿ ಎಸ್‌ಟಿಪಿ ಬ್ಲೋವರ್ ಬಂದ್ ಮಾಡೋಣ, ಆಗ ಯಾರು ನೀರು ಬಳಸ್ತಾರೆ?" ಅಂದರು ಒಬ್ಬರು. ನಾನೂ ಕೈ ಎತ್ತಿದೆ. ವಾರದೊಳಗೆ ಪಾರ್ಕಿಂಗ್ ತುಂಬಾ ಕೊಳೆತ ಮೊಟ್ಟೆ ವಾಸನೆ!

ಯಾಕೆ ಅಂತ ನೋಡೋಣ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಲೆಕ್ಕ. ಅದರಲ್ಲಿ ಸುಮಾರು ಶೇ. 80ರಷ್ಟು ಕೊಳಚೆಯಾಗುತ್ತೆ. ಮೊದಲು ಜಾಲರಿಯಲ್ಲಿ ಪ್ಲಾಸ್ಟಿಕ್, ಬಟ್ಟೆ ಚೂರು ತಡೀತಾರೆ. ಮುಂದಿನ ಟ್ಯಾಂಕ್ ಬೆಳಗಿನ ನೂಕುನುಗ್ಗಲನ್ನು ಸಮ ಮಾಡುತ್ತೆ. ಆಮೇಲೆ ಬರೋದೇ ಗಾಳಿ ಟ್ಯಾಂಕ್. ಅಲ್ಲಿ ಕೆಲಸ ಮಾಡೋದು ಬ್ಯಾಕ್ಟೀರಿಯಾ, ಯಂತ್ರ ಅಲ್ಲ. ಅವು ಕೊಳೆ ತಿಂದು ಬೆಳೆಯುತ್ತವೆ. ಬ್ಲೋವರ್ ಅವಕ್ಕೆ ಉಸಿರು ಕೊಡುತ್ತೆ, ಅಷ್ಟೆ. ಕೊನೆಗೆ ಕೆಸರು ತಳಕ್ಕೆ ಇಳಿಯುತ್ತೆ. ಮೇಲಿನ ತಿಳಿನೀರು ಫಿಲ್ಟರ್, ಕ್ಲೋರಿನ್ ದಾಟಿ ಫ್ಲಶ್‌ಗೂ ಗಿಡಕ್ಕೂ ಹೋಗುತ್ತೆ.

"ನವಿ ಮುಂಬೈನ ಪ್ಲಾಂಟ್‌ಗಳಲ್ಲಿ ಗಾಳಿ ನಿಲ್ಲಿಸ್ತಾರಲ್ಲಾ?" ಅಂತ ಕೇಳಬಹುದು. ನಿಜ. ನೆರೂಳ್‌ನಲ್ಲಿ ಇರೋದು ಎಸ್‌ಬಿಆರ್, ದಿನಕ್ಕೆ 10 ಕೋಟಿ ಲೀಟರ್ ಸಾಮರ್ಥ್ಯ. ನಮ್ಮ ಬ್ಯಾಚ್ ಜಾಬ್ ಇದ್ದ ಹಾಗೆ: ಒಂದೇ ಟ್ಯಾಂಕ್‌ನಲ್ಲಿ ತುಂಬು, ಗಾಳಿ ಊದು, ಕೆಸರು ಇಳಿಸು, ತಿಳಿನೀರು ತೆಗಿ. ಅಲ್ಲಿ ಗಾಳಿ ನಿಲ್ಲೋದು ಲೆಕ್ಕದ ಪ್ರಕಾರ, ಸ್ವಲ್ಪ ಹೊತ್ತು. ನಾವು ನಿಲ್ಲಿಸಿದ್ದು ಬಿಲ್ ನೋಡಿ, ಇಡೀ ರಾತ್ರಿ.

ರಾತ್ರಿ ಕೊಳಚೆ ಕಡಿಮೆ ಬಂದರೂ ಬ್ಯಾಕ್ಟೀರಿಯಾ ಉಸಿರಾಡಲೇಬೇಕು. ಗಾಳಿ ಇಲ್ಲದಿದ್ದರೆ ಅವು ಸೊರಗಿ, ಆಮ್ಲಜನಕ ಬೇಡದ ಜಾತಿಯವು ಹೆಚ್ಚುತ್ತವೆ. ಅವುಗಳಿಂದ ಬರೋದೇ ಹೈಡ್ರೋಜನ್ ಸಲ್ಫೈಡ್. ಸ್ವಲ್ಪ ಇದ್ದರೆ ವಾಸನೆ. ಜಾಸ್ತಿ ಆದರೆ ಮೂಗು ಮರಗಟ್ಟಿ ವಾಸನೆಯೇ ಗೊತ್ತಾಗಲ್ಲ. ಅಲ್ಲೇ ಇರೋದು ಅಪಾಯ.

2019ರ ಮೇ ತಿಂಗಳಲ್ಲಿ ಠಾಣೆಯ ಢೋಕಾಳಿಯಲ್ಲಿ ಒಂದು ವಸತಿ ಸಂಕೀರ್ಣದ ಎಸ್‌ಟಿಪಿ ಟ್ಯಾಂಕ್ ಶುಚಿ ಮಾಡಲು ಇಳಿದ ಮೂವರು ಕಾರ್ಮಿಕರು ಉಸಿರುಗಟ್ಟಿ ಸತ್ತರು. ಸುರಕ್ಷತಾ ಸಾಧನವಿಲ್ಲದೆ ಯಾರನ್ನೂ ಹಾಗೆ ಇಳಿಸಬಾರದು ಅಂತ 2013ರಲ್ಲೇ ಕಾನೂನು ಬಂದಿದೆ. ಈ ಸುದ್ದಿ ಓದಿದ ದಿನ ಕೈ ಎತ್ತಿದ್ದಕ್ಕೆ ನನಗೆ ನಾಚಿಕೆಯಾಯ್ತು. ನಮ್ಮ ಟ್ಯಾಂಕಿಗೂ ಯಾರೋ ಒಬ್ಬರು ಇಳೀತಾರಲ್ಲ?

ಈಗ ನಮ್ಮಲ್ಲಿ ಬ್ಲೋವರ್ ರಾತ್ರಿಯೂ ಓಡುತ್ತೆ. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆ ತುಂಬಿಸುತ್ತೆ. ನಮ್ಮ ನೀರು ಕನಿಷ್ಠ ನಮ್ಮ ಗಿಡಕ್ಕಾದರೂ ಆಗಲಿ. ಮುಂದಿನ ಮೀಟಿಂಗ್‌ನಲ್ಲಿ ನೀವೂ ಮೂರೇ ಪ್ರಶ್ನೆ ಕೇಳಿ: ಬ್ಲೋವರ್ ಎಷ್ಟು ಗಂಟೆ ಓಡುತ್ತೆ? ನೀರಿನ ಲ್ಯಾಬ್ ರಿಪೋರ್ಟ್ ಎಲ್ಲಿ? ಟ್ಯಾಂಕ್ ತೊಳೆಯೋರು ಯಾರು, ಹೇಗೆ? ಉತ್ತರ ಏನು ಬಂತು, ತಿಳಿಸಿ.