ಹಳೆ ಮೀನಿನ ಟ್ಯಾಂಕು: ಗಾಜು ಆಮ್ಯಾಲೆ, ಮೊದ್ಲು ಸ್ಟ್ಯಾಂಡ್ ನೋಡ್ರಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಯಾರರ ಮನಿ ಖಾಲಿ ಮಾಡಾಕತ್ತಾರಂದ್ರ, ಇಲ್ಲಾ ಅಂಗಡಿ ಮುಚ್ಚಾಕತ್ತಾರಂದ್ರ, ವಾಟ್ಸಾಪ್‌ನ್ಯಾಗ ಒಂದು ಫೋಟೋ ಬಂದ ಬರ್ತೈತಿ. ನಾಲ್ಕು ಅಡಿ ಮೀನಿನ ಟ್ಯಾಂಕು, ಸ್ಟ್ಯಾಂಡ್ ಸಮೇತ, ಅರ್ಧ ರೇಟಿಗೆ. ಗಾಜಿನ ಮ್ಯಾಲೆ ಸುಣ್ಣ ಬಳದಂಗ ಬಿಳಿ ಕಲೆ, ತಳದಾಗ ಒಣಗಿದ ಪಾಚಿ, ಮೂಲ್ಯಾಗ ಒಂದು ಪ್ಲಾಸ್ಟಿಕ್ ಗಿಡ. ನೋಡಿದವ್ರು ‘ಇದನ್ನ ಯಾರು ತೊಳೀತಾರ’ ಅಂತ ಮುಂದಕ್ಕ ಸರಸ್ತಾರ. ಹೊಲಸಿಗೆ ಹೆದರಬ್ಯಾಡ್ರಿ. ಅದು ಒಂದು ಮಧ್ಯಾಹ್ನದ ಕೆಲಸ. ಹೆದರೂದಾದ್ರ ಆ ಫೋಟೋದಾಗ ಕಾಣ್ದ ಇರೋ ಸ್ಟ್ಯಾಂಡಿನ ಕಾಲಿಗೆ ಹೆದರ್ರಿ.

ಯಾಕಂತೀರಿ? ಲೆಕ್ಕ ಹಾಕೋಣ. ಟ್ಯಾಂಕು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರ ಅಂತ ಹಿಡೀರಿ. ಅಂದ್ರ 12 ಘನ ಅಡಿ. ಒಂದು ಘನ ಅಡಿಗೆ 28 ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು ಹಿಡಿತೈತಿ, ಹಂಗಾಗಿ ಕಂಠಮಟ ತುಂಬಿದ್ರ 340 ಲೀಟರ್, ಅಂದ್ರ 340 ಕಿಲೋ. 10 ಮಿಲಿಮೀಟರ್ ಗಾಜಿನ ತೂಕ ಚದರ ಮೀಟರಿಗೆ 25 ಕಿಲೋ, ಇಡೀ ಟ್ಯಾಂಕಿನ ಗಾಜ 65 ಕಿಲೋ ಆಗ್ತೈತಿ. ಉಸುಕು, ಕಲ್ಲು ಸೇರಿಸಿದ್ರ ನಾಲ್ಕೂವರೆ ಕ್ವಿಂಟಲ್ ಹತ್ರ ಬಂತು. ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಇಷ್ಟು ಮೆಣಸಿನಕಾಯಿ ಹೊರಬೇಕಂದ್ರ ಎಷ್ಟು ಮಂದಿ ಹಮಾಲ್ರು ಬೇಕು, ನೀವ ಹೇಳ್ರಿ. ಇದನ್ನ ನಾಲ್ಕು ಕಾಲು ಹಗಲು ರಾತ್ರಿ ಹೊತ್ಕೊಂಡು ನಿಂದ್ರಬೇಕು.

ಇನ್ನೊಂದು ಮಾತು. ನೀರು ಬರೇ ಕೆಳಗ ಒತ್ತೂದಿಲ್ಲ, ಬಾಜೂಕೂ ಒತ್ತತೈತಿ. ಇದೇ ಟ್ಯಾಂಕಿನ ಮುಂದಿನ ಗಾಜನ್ನ ನೀರು ಹೊರಗ ದಬ್ಬೋ ಬಲ ಸುಮಾರು 225 ಕಿಲೋ. ಆ ಒತ್ತಡ ಉದ್ದದ ಮ್ಯಾಲಲ್ಲ, ಎತ್ತರದ ಮ್ಯಾಲೆ ಏರ್ತೈತಿ. ಅದಕ್ಕ ಉದ್ದ ಟ್ಯಾಂಕಿಗಿಂತ ಎತ್ತರದ ಟ್ಯಾಂಕಿಗೆ ದಪ್ಪ ಗಾಜು ಬೇಕು. ಎತ್ತರ 2 ಅಡಿ ಐತಿ, ಗಾಜು 6 ಮಿಲಿಮೀಟರ್ ಐತಿ ಅಂದ್ರ, ಪುಕ್ಕಟೆ ಕೊಟ್ರೂ ಕೈ ಮುಗದು ಬರ್ರಿ. ಅಳತಿ ಟೇಪು ಕಿಸೇದಾಗ ಇರ್ಲಿ.

ಈಗ ಸ್ಟ್ಯಾಂಡಿಗೆ ಬರೋಣ. ಕಟಗಿದಾದ್ರ ಕೆಳಗಿನ ಹಲಗಿ ಬೆರಳಿಲೆ ಬಾರಿಸ್ರಿ. ಪೊಳ್ಳು ಸಪ್ಪಳ ಬಂತು, ಸಣ್ಣ ಮಣ್ಣಿನ ಗೆರಿ ಕಾಣ್ತು ಅಂದ್ರ ಒರಲಿ ಹತ್ತೈತಿ, ಬಿಟ್ಟುಬಿಡ್ರಿ. ಕಬ್ಬಿಣದ್ದಾದ್ರ ನೆಲಕ್ಕ ಕುಂತು ಕಾಲಿನ ತುದಿ ನೋಡ್ರಿ. ದಿನಾ ನೆಲಾ ಒರೆಸಿದ ನೀರು, ಟ್ಯಾಂಕಿನಿಂದ ತೊಟ್ಟಿಕ್ಕಿದ ನೀರು ಎಲ್ಲಾ ಕೂಡೂದು ಅಲ್ಲೇ. ಮ್ಯಾಲೆ ಬಣ್ಣ ಚಂದ ಇರ್ತೈತಿ, ತುದಿ ಕಡೆ ಮಾತ್ರ ಗುಳ್ಳಿ ಎದ್ದಿರ್ತೈತಿ. ಸ್ಕ್ರೂ ಡ್ರೈವರ್ ತುದಿ ಹಚ್ಚಿ ಒತ್ರಿ. ಬಣ್ಣದ ಸಿಪ್ಪಿ ಕಿತ್ತು ಒಳಗ ಗಟ್ಟಿ ಕಬ್ಬಿಣ ಸಿಕ್ರ ಚಿಂತಿ ಇಲ್ಲ. ಕೆಂಪು ಪುಡಿ ಉದುರಿ ತುದಿ ಒಳಗ ಇಳೀತಂದ್ರ, ಚೌಕ ಪೈಪು ಒಳಗಿಂದ ಜಂಗು ತಿಂದೈತಿ ಅಂತ ಅರ್ಥ. ವೆಲ್ಡಿಂಗ್ ಅಂಗಡ್ಯಾಗ ಆ ಕಾಲು ಕತ್ತರಿಸಿ ಹೊಸ ತುಂಡು ಬೆಸೆಸ್ರಿ, ತುದಿಗೆ ಅಗಲ ಪ್ಲೇಟು ಹಾಕ್ಸ್ರಿ. ವೈರ್ ಬ್ರಷ್‌ಲೆ ಜಂಗು ತಿಕ್ಕಿ, ರೆಡ್ ಆಕ್ಸೈಡ್ ಹೊಡದು, ಅದು ಒಣಗಿದ ಮ್ಯಾಲೆ ಎರಡು ಕೋಟು ಎನಾಮಲ್. ಜಂಗಿನ ಮ್ಯಾಲೇ ಬಣ್ಣ ಬಳದು ಮಾರೂರು ಭಾಳ ಅದಾರ್ರಿ, ಮೋಸ ಹೋಗಬ್ಯಾಡ್ರಿ.

ನಮ್ಮ ಕಡೆ ಹಳೆ ಮನಿಗೊಳಾಗ ಶಹಾಬಾದಿ ಫರಸಿ ಇರ್ತೈತಿ. ಕಣ್ಣಿಗೆ ಸಪಾಟ ಕಾಣ್ತೈತಿ, ಆದ್ರ ಇರೂದಿಲ್ಲ. ಖಾಲಿ ಸ್ಟ್ಯಾಂಡ್ ಇಟ್ಟು ಒಂದೊಂದು ಕಾಲಿನ ಕೆಳಗೂ ಕಾಗದದ ಪಟ್ಟಿ ತೂರಿಸಿ ನೋಡ್ರಿ. ಮೂರು ಕಾಲು ಕಾಗದ ಹಿಡಿದು ನಾಲ್ಕನೇದು ಸಲೀಸ ಬಿಟ್ರ, ನೀರು ತುಂಬಿದಾಗ ಸ್ಟ್ಯಾಂಡ್ ಆ ಮೂಲಿ ಕಡೆ ತಿರುಚ್ತೈತಿ. ಗಾಜು ತಿರುಚೂದಿಲ್ಲ, ಒಂದೋ ಸಿಲಿಕಾನ್ ಹರೀತೈತಿ, ಇಲ್ಲಾ ತಳದ ಗಾಜು ಸೀಳ್ತೈತಿ. ಪ್ಯಾಕಿಂಗ್ ಕೊಡೂದು ಸ್ಟ್ಯಾಂಡಿನ ಕಾಲಿಗೆ. ಟ್ಯಾಂಕಿನ ಮೂಲಿಗೆ ರಟ್ಟು ತುರುಕಿ ಮಟ್ಟ ಮಾಡಿದ್ರ ಇಡೀ ಭಾರ ಆ ರಟ್ಟಿನ ಮ್ಯಾಲೆ ಬಿತ್ತಂತ ತಿಳಕೋರಿ. ಮಟ್ಟ ಆದ ಮ್ಯಾಲೆ ಪ್ಲೈವುಡ್, ಅದರ ಮ್ಯಾಲೆ ಥರ್ಮಾಕೋಲ್ ಹಾಳಿ, ಆಮ್ಯಾಲೆ ಟ್ಯಾಂಕು. ಥರ್ಮಾಕೋಲ್ ಸಣ್ಣ ಉಬ್ಬು ತಗ್ಗು ನುಂಗ್ತೈತಿ, ಸೊಟ್ಟ ಸ್ಟ್ಯಾಂಡನ್ನ ನೆಟ್ಟಗ ಮಾಡೂದಿಲ್ಲ.

ಮ್ಯಾಲಿನ ಮಹಡ್ಯಾಗ ಇಡಬೇಕಂತೀರಾ? ವಾಸದ ಮನಿ ಸ್ಲ್ಯಾಬಿಗೆ ಇಂಜಿನಿಯರುಗಳು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಅಂತ ಭಾರ ಹಿಡಿದಿರ್ತಾರ. ನಮ್ಮ ಟ್ಯಾಂಕು ಅರ್ಧ ಚದರ ಮೀಟರಿನ್ಯಾಗ 450 ಕಿಲೋ ಕೂರಸ್ತೈತಿ. ಹಾಲಿನ ನಟ್ಟನಡುವ ಬ್ಯಾಡ, ಗ್ವಾಡಿ ಪಕ್ಕ, ಬೀಮ್ ಮ್ಯಾಲೆ ಇರ್ಲಿ, ಅದೂ ಇಂಜಿನಿಯರನ್ನ ಕೇಳಿ. ಮಣ್ಣಿನ ಮಾಳಿಗಿ ಮನ್ಯಾಗ ಅಟ್ಟದ ಮ್ಯಾಲೆ ಇಡೋ ಮಾತ ಬ್ಯಾಡ.

ತರೋ ಮುಂದ ಒಳಗಿನ ಉಸುಕು, ಕಲ್ಲು ಪೂರಾ ತಗೀರಿ. ಮೋಟೆಬೆನ್ನೂರಿನ್ಯಾಗ ಹೈವೇ ಬಿಟ್ಟು ಬ್ಯಾಡಗಿ ರಸ್ತೆ ಹಿಡದ್ರ ಹಂಪು ಒಂದಾ ಎರಡಾ! ತಳದ ಗಾಜು ಒಡಿಯೂದು ಅಲ್ಲೇ. ಟಾಟಾ ಏಸ್‌ನ್ಯಾಗ ಗಾದಿ ಹಾಸಿ, ನಿಂತ ಹಂಗ ಇಟ್ಟು ತರ್ರಿ. ಮೆಣಸಿನಕಾಯಿ ಗೋಣಿಚೀಲ ಹಾಸೂರು ಇದ್ರ, ಕೊಡವಿ ಹಾಸ್ರಿ, ಇಳಸೂ ಮುಂದ ನಾಲ್ಕು ಜನಾನೂ ಸೀನಿದ್ರ ಗಾಜು ಯಾರ ಕೈಯಾಗ ಇರ್ತೈತಿ?

ಬಿಳಿ ಕಲೆ ಬೋರಿನ ಗಡಸು ನೀರಿನ ಸುಣ್ಣ. ವಿನೆಗರ್ ತೋಯಿಸಿದ ಬಟ್ಟಿ ಒಂದೆರಡು ತಾಸು ಅಂಟಿಸಿಟ್ಟು, ಆಮ್ಯಾಲೆ ಬ್ಲೇಡ್‌ಲೆ ಓರೆಯಾಗಿ ಕೆರೀರಿ, ಗಾಜು ಹಸಿ ಇರ್ಲಿ. ಸೋಪು, ಸರ್ಫು ಮುಟ್ಟಬ್ಯಾಡ್ರಿ.

ಸೋರೂದು ಅಂದ್ರ ಸಿಲಿಕಾನ್. ಇಲ್ಲಿ ಎರಡು ಥರ ಐತಿ. ಗಾಜು ಗಾಜಿನ ನಡುವ ಹಿಡಿದಿಟ್ಟಿರೋ ಅಂಟು ಒಂದು, ಒಳ ಮೂಲಿಗೆ ಎಳೆದಿರೋ ಪಟ್ಟಿ ಇನ್ನೊಂದು. ಒಳಪಟ್ಟಿ ಅಷ್ಟ ಕಿತ್ತು ಬಂದಿದ್ರ ಮನ್ಯಾಗ ಸರಿ ಮಾಡಬಹುದು. ನಡುವಿನ ಅಂಟಿನ್ಯಾಗ ಉದ್ದಕ್ಕ ಗಾಳಿ ಗುಳ್ಳಿ ಹರಿದಿದ್ರ, ಪೂರಾ ಬಿಚ್ಚಿ ಕಟ್ಟಬೇಕು, ಅದು ಟ್ಯಾಂಕ್ ಕಟ್ಟೋರ ಕೆಲಸ. ಹೊಸ ಸಿಲಿಕಾನ್ ಹಳೆ ಸಿಲಿಕಾನಿಗೆ ಅಂಟೂದಿಲ್ಲ. ಅದಕ್ಕ ಸೋರೋ ಕಡೆ ಅಷ್ಟ ಮೆತ್ತಿದ್ರ ಮತ್ತ ಸೋರ್ತೈತಿ. ಒಳಪಟ್ಟಿ ಎಲ್ಲಾ ಕೆರೆದು, ಅಸಿಟೋನ್‌ಲೆ ಒರೆಸಿ, ಎರಡೂ ಕಡೆ ಮಾಸ್ಕಿಂಗ್ ಟೇಪ್ ಹಚ್ಚಿ, ಎಲ್ಲಾ ಮೂಲಿ ಒಂದ ಸಲಕ್ಕ ಎಳೀರಿ. ಬೆರಳಿಲೆ ಒಮ್ಮೆ ಒತ್ತಿ, ಹಸಿ ಇದ್ದಾಗನ ಟೇಪ್ ಕೀಳ್ರಿ. ಬೂಷ್ಟು ತಡೀತೈತಿ ಅಂತ ಬರೆದ ಬಾತ್‌ರೂಮ್ ಸಿಲಿಕಾನ್ ಬ್ಯಾಡ, ಅದರಾಗಿನ ಔಷಧ ಮೀನಿಗೆ ವಿಷ. ಹೊಸ ಸಿಲಿಕಾನಿನ ವಿನೆಗರ್ ವಾಸನಿ ಪೂರಾ ಹೋಗೂಮಟ, ಕಡಿಮಿ ಅಂದ್ರೂ ಒಂದು ವಾರ, ನೀರು ಹಾಕಬ್ಯಾಡ್ರಿ.

ಸೋರ್ತೈತೋ ಇಲ್ಲೋ ಅಂತ ನೀರು ತುಂಬಿ ನೋಡೂದು ಅಂಗಳದಾಗ, ಅದೇ ಸ್ಟ್ಯಾಂಡಿನ ಮ್ಯಾಲೆ. ಮೊದಲ ದಿನ ಮೂರನೇ ಒಂದು ಭಾಗ, ಮರುದಿನ ಪೂರ್ತಿ. ಕೆಳಗ ಒಣ ಪೇಪರ್ ಹಾಸ್ರಿ, ಹನಿ ಬಿದ್ದದ್ದು ತಕ್ಷಣ ಕಾಣ್ತೈತಿ.

ಇನ್ನ ಮೀನು. ಗಡಸು ನೀರು ಶಾಪ ಅಂತ ಅಳೂರು ಭಾಳ. ಗಪ್ಪಿ, ಮೋಲಿಗೆ ಅದೇ ನೀರು ಸೇರ್ತೈತಿ, ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನಿಗೂ ಅಷ್ಟ. ಈ ನೀರಿನ್ಯಾಗ ಡಿಸ್ಕಸ್ ಮೀನಿನ ಆಸೆ ಬಿಡ್ರಿ. ತುಂಗಭದ್ರಾ ನೀರು ನಳದಾಗ ಬರೋ ಮನ್ಯಾಗ ಕ್ಲೋರಿನ್ ಇರ್ತೈತಿ, ಡ್ರಮ್ಮಿನ್ಯಾಗ ಒಂದು ರಾತ್ರಿ ಏರ್ ಪಂಪ್ ಬಿಟ್ಟಿಡ್ರಿ. ಮೀನಿನ ಹೊಲಸಿನ ಅಮೋನಿಯಾನ ನೈಟ್ರೈಟ್ ಮಾಡಿ, ಅದನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಫಿಲ್ಟರಿನ್ಯಾಗ ನೆಲಿ ಊರಾಕ ನಾಲ್ಕರಿಂದ ಆರು ವಾರ ಬೇಕು, ಅಲ್ಲೀಮಟ ಎರಡ್ಮೂರು ಮೀನು ಸಾಕು. ಟ್ಯಾಂಕು ಕಿಟಕಿ ಬಿಸಲಿಗೆ ಇರಬಾರದು. 20 ಡಿಗ್ರಿ ನೀರಿನ್ಯಾಗ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಕರಗತೈತಿ, 30 ಡಿಗ್ರಿಗೆ ಅದು ಏಳೂವರೆಗೆ ಇಳೀತೈತಿ. ಏಪ್ರಿಲ್‌ನ್ಯಾಗ ಮಧ್ಯಾಹ್ನ ಕರೆಂಟ್ ಹೋತಂದ್ರ ಮೀನು ಮ್ಯಾಲೆ ಬಂದು ಬಾಯಿ ಬಿಡೂದು ಅದಕ್ಕ. ಹಂಗಾಗಿ ಮೀನು ತರೋ ಮೊದ್ಲ ಬ್ಯಾಟರಿ ಏರ್ ಪಂಪ್ ತಂದಿಡ್ರಿ.