ಹಲ್ಲು ನೋವು ನಿಂತುಹೋಯ್ತಾ? ಹಾಗಾದ್ರೆ ಈಗ್ಲೇ ಡಾಕ್ಟರ್ ಹತ್ರ ಹೋಗಿ

ಟ್ಯಾಕ್ಸು, ಎಸ್‌ಐಪಿ ಅಂತ ಮಾತಾಡೋ ನಾನು ಇವತ್ತು ಹಲ್ಲಿನ ಬಗ್ಗೆ ಮಾತಾಡ್ತೀನಿ. ಯಾಕಂದ್ರೆ ಒಂದು ಸಣ್ಣ ಫಿಲ್ಲಿಂಗ್‌ನಲ್ಲಿ ಮುಗಿಯಬೇಕಾದ ಕೆಲಸಕ್ಕೆ ನಾನು ರೂಟ್ ಕೆನಾಲ್, ಮೇಲೆ ಕ್ಯಾಪ್, ಎರಡಕ್ಕೂ ದುಡ್ಡು ಕೊಟ್ಟು ಬಂದಿದ್ದೀನಿ.

ಕಳೆದ ವರ್ಷದ ಮಾರ್ಚ್. ಕಾಮರ್ಸ್ ಓದಿದವರಿಗೆ ಮಾರ್ಚ್ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಎಡಗಡೆ ಕೆಳಗಿನ ದವಡೆ ಹಲ್ಲಿನಲ್ಲಿ ಹುಳುಕು ಇತ್ತು. ಐಸ್ ಹಾಕಿದ ಕಬ್ಬಿನ ಹಾಲು ಕುಡಿದ್ರೆ ಜುಮ್ ಅನ್ನೋದು, ಗುಟುಕು ಒಳಗೆ ಹೋಗುತ್ತಿದ್ದಂತೆ ನಿಂತುಹೋಗೋದು. ಮುಖ್ಯವಾದ ವಿಷಯ ಇಲ್ಲೇ ಇದೆ. ಜುಮ್ ಅಂತ ಬಂದು ಒಂದೆರಡು ಸೆಕೆಂಡಲ್ಲಿ ಹೋದ್ರೆ, ಸಾಮಾನ್ಯವಾಗಿ ಹಲ್ಲಿನೊಳಗಿನ ನರ ಇನ್ನೂ ಚೇತರಿಸಿಕೊಳ್ಳೋ ಸ್ಥಿತಿಯಲ್ಲಿರುತ್ತೆ. ಹುಳುಕು ತೆಗೆದು ಫಿಲ್ಲಿಂಗ್ ಮಾಡಿದ್ರೆ ಸಾಕಾಗಬಹುದು. ನಾನು ಹೋಗಲಿಲ್ಲ.

ಏಪ್ರಿಲ್ ಹೊತ್ತಿಗೆ ಲೆಕ್ಕ ಬದಲಾಯ್ತು. ತಣ್ಣಗಿನದು ಕುಡಿದು ಲೋಟ ಕೆಳಗಿಟ್ಟ ಮೇಲೂ ನೋವು ಅರ್ಧ ನಿಮಿಷ, ಒಂದು ನಿಮಿಷ ಹಾಗೇ ಕೂತಿರೋದು. ಆಮೇಲೆ ಏನೂ ತಿನ್ನದೇ ಇದ್ದಾಗಲೂ ತಾನಾಗೇ ಬರೋಕೆ ಶುರುವಾಯ್ತು. ಹಗಲು ಹೇಗೋ ತಡ್ಕೊಳ್ಳಬಹುದು, ರಾತ್ರಿ ಮಲಗಿದ ತಕ್ಷಣ ಎದೆಬಡಿತದ ಜೊತೆಗೇ ಹಲ್ಲೂ ಬಡ್ಕೊಳ್ಳೋದು. ನೋವು ಮೇಲಿನ ಹಲ್ಲಿನದಾ ಕೆಳಗಿನದಾ ಅಂತಾನೂ ಗೊತ್ತಾಗ್ತಿರಲಿಲ್ಲ. ಕಿವಿಯೊಳಗೂ ಎಳೆಯೋದು.

ಯಾಕೆ ಹೀಗೆ ಅಂತ ಆಮೇಲೆ ಡಾಕ್ಟರ್ ವಿವರಿಸಿದ್ರು. ಹಲ್ಲಿನ ಮಧ್ಯೆ ಪಲ್ಪ್ ಅಂತ ಒಂದು ಮೆತ್ತನೆ ಭಾಗ, ಅದರಲ್ಲಿ ನರ ಮತ್ತು ರಕ್ತನಾಳ. ಕೈಗೆ ಪೆಟ್ಟಾದ್ರೆ ಚರ್ಮ ಊದುತ್ತೆ, ಜಾಗ ಇದೆ. ಪಲ್ಪ್ ಸುತ್ತ ಇರೋದು ಗಟ್ಟಿ ಗೋಡೆ. ಊದೋಕೆ ಜಾಗ ಇಲ್ಲದೆ ಒಳಗೊಳಗೇ ಒತ್ತಡ ಏರುತ್ತೆ. ಮಲಗಿದಾಗ ತಲೆ ಕಡೆಗೆ ರಕ್ತದ ಒತ್ತಡ ಸ್ವಲ್ಪ ಜಾಸ್ತಿಯಾಗುತ್ತಲ್ಲ, ಅದಕ್ಕೇ ರಾತ್ರಿ ಕಾಟ. ಈ ಹಂತ ತಲುಪಿದ ಪಲ್ಪ್ ತಾನಾಗಿ ಸರಿಹೋಗೋದು ಕಷ್ಟ.

ಮನೆಯಲ್ಲಿ ಅಮ್ಮ ಲವಂಗದ ಎಣ್ಣೆ ಹತ್ತಿಯಲ್ಲಿ ಅದ್ದಿ ಇಟ್ರು. ಅದರಲ್ಲಿರೋ ಯೂಜಿನಾಲ್ ಸ್ವಲ್ಪ ಹೊತ್ತು ಮರಗಟ್ಟಿಸುತ್ತೆ, ಅದು ನಿಜಾನೇ. ಮೆಡಿಕಲ್ ಶಾಪಿನವರು ಆ್ಯಂಟಿಬಯಾಟಿಕ್ ಕೊಟ್ರು, ಅದನ್ನೂ ನುಂಗಿದೆ. ಇದನ್ನ ಮಾತ್ರ ದಯವಿಟ್ಟು ಮಾಡಬೇಡಿ.

ಮೇ ತಿಂಗಳ ಒಂದು ಬೆಳಗ್ಗೆ ಎದ್ದೆ, ನೋವೇ ಇಲ್ಲ! ಐಸ್ ನೀರು ಕುಡಿದೆ, ಏನೂ ಆಗಲಿಲ್ಲ. ಮನೆದೇವರಿಗೆ ಕೈ ಮುಗಿದೆ. ಗೆಳೆಯರಿಗೆ ‘ನೋಡ್ರೋ, ಗುಣ ಆಯ್ತು’ ಅಂತ ವಾಯ್ಸ್ ನೋಟ್ ಬೇರೆ.

ಅವತ್ತು ನರ ಸತ್ತುಹೋಗಿತ್ತು. ಅದಕ್ಕೇ ನೋವಿಲ್ಲ. ಸಾಲಗಾರ ಫೋನ್ ಮಾಡೋದು ನಿಲ್ಲಿಸಿದ ಅಂದ ಮಾತ್ರಕ್ಕೆ ಸಾಲ ತೀರಿದೆ ಅಂತ ಎಂಟ್ರಿ ಹಾಕೋಕಾಗುತ್ತಾ? ಬ್ಯಾಕ್ಟೀರಿಯಾ ಬೇರಿನ ಒಳಗಿಂದ ನಿಧಾನಕ್ಕೆ ತುದಿಗೆ ಇಳಿದು, ಅಲ್ಲಿನ ಮೂಳೆಯನ್ನ ಕರಗಿಸ್ತಾ ಇತ್ತು. ಸತ್ತ ಪಲ್ಪ್‌ಗೆ ರಕ್ತಸಂಚಾರವೇ ಇರಲ್ಲ, ಹಾಗಾಗಿ ಮಾತ್ರೆ ಅಲ್ಲಿಗೆ ತಲುಪೋದೂ ಇಲ್ಲ. ಆರು ತಿಂಗಳಾದ ಮೇಲೆ ಚಪಾತಿ ಅಗಿಯುವಾಗ ಒತ್ತಿದಂತೆ ನೋವು, ವಸಡಿನ ಮೇಲೆ ಮೊಡವೆ ಥರ ಒಂದು ಗುಳ್ಳೆ. ಒಡೆದು ಕೀವು ಹೋಗೋದು, ಮತ್ತೆ ಬರೋದು. ಕೆಲವರಿಗೆ ಇದೂ ಇರಲ್ಲ, ಹಲ್ಲಿನ ಬಣ್ಣ ಬೂದಾಗುತ್ತೆ, ಅಷ್ಟೇ. ಚಿಕ್ಕವರಿದ್ದಾಗ ಬಿದ್ದು ಮುಂದಿನ ಹಲ್ಲಿಗೆ ಪೆಟ್ಟಾದವರು ಒಮ್ಮೆ ಕನ್ನಡಿ ನೋಡ್ಕೊಳ್ಳಿ.

ಎಕ್ಸ್‌ರೇಯಲ್ಲಿ ಬೇರಿನ ತುದಿಯಲ್ಲಿ ಕಪ್ಪು ನೆರಳು ಕಾಣಿಸ್ತು. ಕೆಳ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಕಾಲುವೆ. ಮೂರನ್ನೂ ಕ್ಲೀನ್ ಮಾಡಿ, ತುಂಬಿ, ಮುಚ್ಚಿದ್ರು. ಇಂಜೆಕ್ಷನ್ ಕೊಟ್ಟಿದ್ರಿಂದ ನೋವಾಗಲಿಲ್ಲ, ಬಾಯಿ ತೆರೆದು ತೆರೆದು ದವಡೆ ಸೋತಿದ್ದೇ ದೊಡ್ಡ ಕಷ್ಟ.

‘ಸುಮ್ಮಸುಮ್ಮನೆ ರೂಟ್ ಕೆನಾಲ್ ಅಂತಾರೆ, ದುಡ್ಡಿಗೆ’ ಅನ್ನೋ ಮಾತು ನಿಮ್ಮಲ್ಲಿ ಬಹಳ ಜನ ಹೇಳ್ತೀರಾ. ಅನುಮಾನ ಇದ್ರೆ ಕೇಳಿ, ಅದರಲ್ಲಿ ನಾಚಿಕೆ ಏನಿದೆ? ಹಲ್ಲಿಗೆ ತಣ್ಣಗಿನದು ಮುಟ್ಟಿಸಿ ನೋಡಿದ್ರಾ, ಮೆಲ್ಲಗೆ ತಟ್ಟಿ ನೋಡಿದ್ರಾ, ಎಕ್ಸ್‌ರೇಯಲ್ಲಿ ಹುಳುಕು ಎಲ್ಲಿವರೆಗೆ ಹೋಗಿದೆ ತೋರಿಸಿ ಅನ್ನಿ. ಬರೀ ಎಕ್ಸ್‌ರೇ ಸಾಲಲ್ಲ, ಶುರುವಿನಲ್ಲಿ ಬೇರಿನ ತುದಿ ಸರಿಯಾಗೇ ಕಾಣುತ್ತೆ. ಮೇಲಿನ ಹಿಂದಿನ ಮೂರ್ನಾಲ್ಕು ಹಲ್ಲು ಒಟ್ಟಿಗೆ ನೋಯ್ತಾ ಇದ್ದು, ಬಗ್ಗಿದಾಗ ಜಾಸ್ತಿಯಾದ್ರೆ ಅದು ಸೈನಸ್ ಕೂಡ ಇರಬಹುದು. ಒಪ್ಪಿಗೆ ಆಗದಿದ್ರೆ ಇನ್ನೊಬ್ಬರಿಗೆ ತೋರಿಸಿ. ಖರ್ಚಿನ ಚಿಂತೆ ಇರೋರಿಗೆ ಬೆಂಗಳೂರಿನ ಕೋಟೆ ಹತ್ರ, ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ಕಾಲೇಜಿದೆ. ಬೇರೆ ಊರುಗಳಲ್ಲೂ ಡೆಂಟಲ್ ಕಾಲೇಜಿದ್ರೆ ವಿಚಾರಿಸಿ ನೋಡಿ.

ಕೆನ್ನೆಯೋ ಕತ್ತೋ ಊದಿ, ಜ್ವರ ಬಂದು, ಬಾಯಿ ತೆಗೆಯೋಕೆ, ನುಂಗೋಕೆ, ಉಸಿರಾಡೋಕೆ ಕಷ್ಟ ಆದ್ರೆ ಮಾತ್ರ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ. ಮಧ್ಯರಾತ್ರಿಯಾದ್ರೂ ದೊಡ್ಡ ಆಸ್ಪತ್ರೆಗೇ ಹೋಗಿ.

ಅಂದ ಹಾಗೆ, ನನ್ನ ಬಲಗಡೆ ಹಲ್ಲೊಂದು ಹೋದ ವಾರ ಐಸ್ ಕ್ರೀಮ್‌ಗೆ ಜುಮ್ ಅಂತು. ಎರಡೇ ಸೆಕೆಂಡ್. ಶನಿವಾರ ಬೆಳಗ್ಗೆ ಹತ್ತೂವರೆಗೆ ಹೋಗ್ತಾ ಇದ್ದೀನಿ.